ಒಣಗಿದ ಕಂಡೆನ್ಸರು

ಮುಂಡಾಜೆಯ ಆಟಿಯ ಮಳೆಯನ್ನು ಕಂಡವರಿಗೆ ಹೇಳಬೇಕಾದುದಿಲ್ಲ, ಕಾಣದವರಿಗೆ ಹೇಳಿ ಪ್ರಯೋಜನವಿಲ್ಲ. ಚಾರ್ಮಾಡಿಯ ಕಡೆಯಿಂದ ಮೋಡವು ಇಳಿದು ಬಂದಿತೆಂದರೆ ಮೂರು ನಾಲ್ಕು ದಿವಸ ಸೂರ್ಯದರ್ಶನವಿಲ್ಲ. ಮೃತ್ಯುಂಜಯ ಹೊಳೆ ಕೆಂಪಾಗಿ ಮೊರೆಯುತ್ತದೆ. ಅಡಿಕೆಯ ತೋಟದಲ್ಲಿ ಕಾಲೂರುವಂತಿಲ್ಲ. ಮನೆಯೊಳಗೆ ಭರಣಿಯ ಉಪ್ಪು ನೀರಾಗುತ್ತದೆ, ಕಪಾಟಿನ ಪುಸ್ತಕಗಳ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ಇಂತಹ ಕಾಲದಲ್ಲಿ ನಿವೃತ್ತನಾದ ಸಂಸ್ಕೃತದ ಉಪಾಧ್ಯಾಯನಿಗೆ ಎರಡೇ ಉದ್ಯೋಗಗಳು: ಪುಸ್ತಕದ ಬೂಷ್ಟನ್ನು ಒರೆಸುವುದು ಮತ್ತು ಮನೆಯಾಕೆಯ ಕೆಲಸಕ್ಕೆ ಅಡ್ಡಬರುವುದು. ಕಳೆದ ವರ್ಷದ ಆಟಿಯಲ್ಲಿ ನಾವು ಈ ಎರಡರಲ್ಲಿಯೂ ಮಗ್ನರಾಗಿದ್ದಾಗ, ಸೋಮಂತಡ್ಕದಿಂದ ನಮ್ಮ ಹಳೆಯ ಶಿಷ್ಯನೊಬ್ಬನು ರಿಕ್ಷಾದಲ್ಲಿ ಬಂದು ಗೋಣಿಚೀಲ ಹೊದಿಸಿದ ಭಾರವಾದ ಪೆಟ್ಟಿಗೆಯೊಂದನ್ನು ಜಗಲಿಯಲ್ಲಿ ಇಳಿಸಿಸಿದನು.

ಪೆಟ್ಟಿಗೆಯೊಳಗಿದ್ದುದು ಆಸಿಲೋಸ್ಕೋಪು ಎಂಬ ಪರೀಕ್ಷಾಯಂತ್ರ. ವಿಜ್ಞಾನವನ್ನು ಓದಿದ ವಾಚಕರು ಇದನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಂಡಿರಬಹುದು. ಉಳಿದವರಿಗಾಗಿ ಎರಡು ಮಾತು. ವಿದ್ಯುತ್ತು ಕಣ್ಣಿಗೆ ಕಾಣುವ ವಸ್ತುವಲ್ಲವಷ್ಟೆ. ಅದು ಎಷ್ಟು ವೋಲ್ಟು ಇರುವುದೆಂಬುದನ್ನು ಸಾಮಾನ್ಯವಾದ ಮೀಟರು ಹೇಳುತ್ತದೆ. ಆದರೆ ಕ್ಷಣಕ್ಷಣಕ್ಕೂ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂಬುದನ್ನು ಹೇಳಲಾರದು. ಆ ಏರಿಳಿತವನ್ನು ಹಸುರು ಗೆರೆಯಾಗಿ ಗಾಜಿನ ಮೇಲೆ ಬರೆದು ತೋರಿಸುವುದೇ ಆಸಿಲೋಸ್ಕೋಪಿನ ಧರ್ಮ. ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ಎಂಬ ವಿದ್ವಾಂಸನು ೧೮೯೭ರಲ್ಲಿ ನಿರ್ಮಿಸಿದ ಕಿರಣನಳಿಕೆಯು ಇದರ ಮೂಲ. ಮೊನ್ನೆ ಮೊನ್ನೆಯವರೆಗೆ ನಮ್ಮ ಮನೆಗಳ ಚಾವಡಿಯಲ್ಲಿದ್ದ, ಹಿಂಭಾಗ ಉಬ್ಬಿದ ಟೆಲಿವಿಷನ್ನುಗಳೂ ಅದೇ ವಂಶದವು.

ನಮ್ಮ ಶಿಷ್ಯನು ೧೯೯೬ರಲ್ಲಿ ಸೋಮಂತಡ್ಕದಲ್ಲಿ ರೇಡಿಯೋ ರಿಪೇರಿಯ ಚಿಕ್ಕ ಅಂಗಡಿಯನ್ನು ಇಟ್ಟವನು. ಟೆಲಿವಿಷನ್ನಿನ ಕಾಲದಲ್ಲಿ ಅವನಿಗೆ ಊಟಕ್ಕೆ ಪುರುಸೊತ್ತಿರಲಿಲ್ಲ. ಗೋಡೆಗೆ ತೂಗುವ ಚಪ್ಪಟೆ ಟೆಲಿವಿಷನ್ನೂ ಮೊಬೈಲೂ ಬಂದ ಮೇಲೆ ಊಟದ ಹೊರತು ಬೇರೆ ಕೆಲಸ ಕಡಿಮೆಯಾಯಿತು. ಈ ಯಂತ್ರವನ್ನು ಅವನು ಇಪ್ಪತ್ತು ವರ್ಷದ ಹಿಂದೆ, ಒಂದು ವಿದ್ಯಾಸಂಸ್ಥೆಯವರು ಹಳೆಯ ಸಾಮಾನುಗಳನ್ನು ಏಲಂ ಹಾಕಿದಾಗ ಕೊಂಡಿದ್ದನಂತೆ. ಐದು ವರ್ಷದ ಹಿಂದೆ ಯಾರದೋ ಮನೆಯ ಮಾಡಿನಿಂದ ಜಾರಿ ಬಿದ್ದು ಅವನ ಬಲಗೈಯ ಮಣಿಕಟ್ಟು ಮುರಿಯಿತು. ಎಲುಬು ಕೂಡಿತು, ಬೆರಳುಗಳ ನಡುಕ ಮಾತ್ರ ನಿಲ್ಲಲಿಲ್ಲ. ಅಂದಿನಿಂದ ಅವನಿಗೂ ಸೂಕ್ಷ್ಮವಾದ ಕೆಲಸಕ್ಕೂ ದೂರವಾಯಿತು, ಯಂತ್ರವೂ ಮೂಲೆ ಸೇರಿತು.

"ಮಗಳು ಪಾಲಿಟೆಕ್ನಿಕ್ಕಿಗೆ ಸೇರಿದ್ದಾಳೆ ಮಾಷ್ಟ್ರೇ, ಇಲೆಕ್ಟ್ರಾನಿಕ್ಸಿಗೆ," ಎಂದನು. "ಹಾಸ್ಟೆಲಿನಿಂದ ರಜೆಗೆ ಬಂದಾಗ ಕೈಗೆ ಒಂದು ಸಾಮಾನು ಬೇಕಲ್ಲ. ಇದನ್ನು ಗುಜರಿಯವ ತೂಕಕ್ಕೆ ಕೇಳಿದ. ಕೊಡಲಿಕ್ಕೆ ಮನಸ್ಸು ಬರಲಿಲ್ಲ. ದೋಷ ಎಲ್ಲಿ ಉಂಟು ಅಂತ ಹುಡುಕುವುದು ನನ್ನ ಕೆಲಸ. ಕೈ ಮಾತ್ರ ನಿಮ್ಮದು ಬೇಕು."

"ನಮ್ಮ ಕೈಗೆ ಸೀಮೆಸುಣ್ಣದ ಹೊರತು ಬೇರೇನು ಗೊತ್ತು ಮಾರಾಯ?" ಎಂದೆವು.

"ನೀವು ಬೋರ್ಡಿನ ಮೇಲೆ ಗೆರೆಕೋಲಿಲ್ಲದೆ ಗೆರೆ ಎಳೆಯುತ್ತಿದ್ದಿರಿ. ನನಗೆ ನೆನಪುಂಟು."

ಅವನಿಗೆ ನೆನಪಿರುವ ಸಂಗತಿಗಳಲ್ಲಿ ಗೆರೆಯೊಂದೇ ಇದ್ದರೆ ಚೆನ್ನಾಗಿತ್ತು. ಈ ಶಿಷ್ಯನನ್ನು ಕಂಡಾಗಲೆಲ್ಲ ನಮ್ಮ ಮನಸ್ಸಿನಲ್ಲಿ ಒಂದು ಹಳೆಯ ಮುಳ್ಳು ಆಡುವುದುಂಟು. ಅದರ ವೃತ್ತಾಂತವು ತನ್ನ ಸ್ಥಳದಲ್ಲಿ ಬರುವುದು. ನಾವು ಒಪ್ಪಿಕೊಂಡೆವು.

ಮೊದಲನೆಯ ದಿವಸ ಯಂತ್ರಕ್ಕೆ ವಿದ್ಯುತ್ತನ್ನೇ ಕೊಡಲಿಲ್ಲ. ಮುಚ್ಚಳವನ್ನು ಬಿಚ್ಚಿದಾಗ ಟ್ರಾನ್ಸ್‌ಫಾರ್ಮರಿನ ಬದಿಯಲ್ಲಿ ಕಣಜವು ಕಟ್ಟಿದ ಮಣ್ಣಿನ ಗೂಡು, ಮೂಲೆಯಲ್ಲಿ ಹಲ್ಲಿಯ ಮೊಟ್ಟೆಯ ಓಡುಗಳು, ಎಲ್ಲದರ ಮೇಲೆಯೂ ಅಂಟಾದ ಧೂಳು. ಅದನ್ನು ಬಣ್ಣದ ಕುಂಚದಿಂದ ಒರೆಸುವುದರಲ್ಲಿ ಒಂದು ಮಧ್ಯಾಹ್ನ ಕಳೆಯಿತು. ಬಳಿಕ ಶಿಷ್ಯನು ಎರಡು ನಿಯಮಗಳನ್ನು ವಿಧಿಸಿದನು. ಯಂತ್ರದ ಹಿಂಭಾಗದಲ್ಲಿ, ಕಿರಣನಳಿಕೆಯ ಕುತ್ತಿಗೆಯ ಹತ್ತಿರ, ಎರಡು ಸಾವಿರ ವೋಲ್ಟಿನಷ್ಟು ಉಂಟು. ಆ ಕಡೆ ಕೈ ಹೋಗಕೂಡದು. ಎರಡನೆಯದು, ವಿದ್ಯುತ್ತು ಇರುವಾಗ ಬಲಗೈಯಲ್ಲಿ ಮೀಟರಿನ ಕಡ್ಡಿಯನ್ನು ಹಿಡಿದರೆ ಎಡಗೈ ಬೆನ್ನ ಹಿಂದೆ ಇರತಕ್ಕದ್ದು. ಎರಡೂ ಕೈ ತಗಲಿದರೆ ವಿದ್ಯುತ್ತು ಒಂದು ಕೈಯಿಂದ ಇನ್ನೊಂದಕ್ಕೆ ಹೃದಯದ ಮಾರ್ಗವಾಗಿ ಹೋಗುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ "ಕೈ ಹಿಂದೆ ಕಟ್ಟಿ ನಿಲ್ಲು" ಎಂದು ಆಜ್ಞೆ ಮಾಡಿದವರು ನಾವು. ಈಗ ನಮ್ಮ ಸರದಿ ಬಂದಿತು. ಒಳಗಿನಿಂದ ಇಣುಕಿದ ಮನೆಯಾಕೆಯು ಏನೂ ಹೇಳದೆ ನಕ್ಕು ಹೋದಳು.

ಮರುದಿವಸ ವಿದ್ಯುತ್ತನ್ನು ಕೊಡುವಾಗಲೂ ನೇರವಾಗಿ ಕೊಡಲಿಲ್ಲ. ನೂರು ವಾಟಿನ ಹಳೆಯ ತಂತಿಯ ಬಲ್ಬೊಂದನ್ನು ಯಂತ್ರದೊಂದಿಗೆ ಸಾಲಾಗಿ ಜೋಡಿಸಿದೆವು. ಯಂತ್ರದೊಳಗೆ ಎಲ್ಲಿಯಾದರೂ ತಂತಿ ಕೂಡಿಕೊಂಡು ಅತಿಯಾಗಿ ವಿದ್ಯುತ್ತನ್ನು ಎಳೆದರೆ ಬಲ್ಬು ತಾನೇ ಪ್ರಕಾಶವಾಗಿ ಉರಿದು ಆ ಹೊರೆಯನ್ನು ಹೊರುತ್ತದೆ, ಯಂತ್ರವು ಸುಡುವುದಿಲ್ಲ. ಈ ಕಾಲದ ಎಲ್‌ಇಡಿ ದೀಪಗಳಿಂದ ಈ ಉಪಕಾರವಾಗದು. ಇಂತಹ ಬಲ್ಬು ಈಗ ಅಂಗಡಿಯಲ್ಲಿ ದುರ್ಲಭ. ನಮ್ಮ ಅಟ್ಟದಲ್ಲಿ, ಒಡೆದ ಹಂಡೆಯೊಳಗೆ ಸಿಕ್ಕಿತು. ಗುಂಡಿಯನ್ನು ಒತ್ತಿದೊಡನೆ ಬಲ್ಬು ಒಮ್ಮೆ ಝಗ್ಗೆಂದು ಹೊತ್ತಿ ಮಂದವಾಯಿತು. "ಬದುಕಿದೆವು," ಎಂದನು ಶಿಷ್ಯ. ಬಲ್ಬು ಹಾಗೆಯೇ ಉರಿಯುತ್ತಿದ್ದರೆ ಒಳಗೆ ಕೂಡುಸಂಬಂಧವಿದೆಯೆಂದರ್ಥವಂತೆ. ಬಹಳ ಕಾಲ ಮಲಗಿದ್ದ ಯಂತ್ರಕ್ಕೆ ಮೊದಲು ಹೀಗೆ ಕಡಿಮೆ ವೋಲ್ಟಿನಲ್ಲಿ ಸ್ವಲ್ಪ ಹೊತ್ತು ಉಣಿಸುವುದು ಒಳ್ಳೆಯದೆಂದೂ ಹೇಳಿದನು. ಉಪವಾಸವಿದ್ದವನಿಗೆ ಗಂಜಿಯನ್ನು ಕೊಡುವಂತೆ.

ಒಂದು ಗಂಟೆಯ ಬಳಿಕ ಬಲ್ಬನ್ನು ತೆಗೆದು ಪೂರ್ಣವಾಗಿ ವಿದ್ಯುತ್ತನ್ನು ಕೊಟ್ಟೆವು. ಪರದೆಯ ಮೇಲೆ ಗೆರೆ ಬಂದಿತು. ಆದರೆ ಅದು ಹಲಗೆಯ ಮೇಲಿನ ಗೆರೆಯಂತೆ ನೆಟ್ಟಗಿರಲಿಲ್ಲ. ಮಳೆಗಾಲದ ಬೈಲಿನ ನೀರಿನಂತೆ ಅಲೆಯಲೆಯಾಗಿತ್ತು. ಯಂತ್ರಕ್ಕೆ ಯಾವ ಸಂಕೇತವನ್ನೂ ಕೊಡದಿರುವಾಗ ಅಲೆಯೆಲ್ಲಿಂದ? ನಾವು ಕೂಡಲೆ ತೀರ್ಮಾನಿಸಿದೆವು: ಗೆರೆಯು ಮೇಲೆ ಕೆಳಗೆ ಹೋಗುತ್ತದೆ, ಮೇಲೆ ಕೆಳಗೆ ಮಾಡುವ ಭಾಗದ ಟ್ರಾನ್ಸಿಸ್ಟರುಗಳೇ ಕೆಟ್ಟಿರಬೇಕು. ಅವನ್ನು ತೆಗೆದು ಬೇರೆ ಹಾಕೋಣವೆಂದೆವು.

"ತಲೆನೋವು ಬಂದದ್ದಕ್ಕೆ ತಲೆ ತೆಗೆಯುವುದು ಬೇಡ ಮಾಷ್ಟ್ರೇ. ಹೊಟ್ಟೆಗೆ ಎಂತ ಸಿಗುತ್ತದೆ, ಅದನ್ನು ಮೊದಲು ನೋಡುವ."

ಯಂತ್ರದ ಹೊಟ್ಟೆಯೆಂದರೆ ಅದರ ವಿದ್ಯುತ್ಪೂರೈಕೆಯ ಭಾಗ. ಇದು ಹಳೆಯ ಸರಳವಾದ ಕ್ರಮದ್ದು. ಅದರ ರೀತಿಯು ನಮ್ಮ ತೋಟಗಾರರಿಗೆ ಹೊಸದಲ್ಲ. ಮನೆಗೆ ಬರುವ ೨೩೦ ವೋಲ್ಟಿನ ವಿದ್ಯುತ್ತು ಕ್ಷಣಕ್ಕೆ, ಎಂದರೆ ಒಂದು ಸೆಕೆಂಡಿಗೆ, ೫೦ ಸಲ ಹಿಂದುಮುಂದಾಗುತ್ತದೆ. ಟ್ರಾನ್ಸ್‌ಫಾರ್ಮರು ಅದನ್ನು ತಗ್ಗಿಸುತ್ತದೆ; ನಾಲ್ಕು ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಆಗ ಅದು ಏತದ ನೀರಿನಂತೆ ಸೆಕೆಂಡಿಗೆ ೧೦೦ ಸಲ ದಬಕ್ ದಬಕ್ಕೆಂದು ಬೀಳುತ್ತದೆ. ಇದನ್ನು ಹಿಡಿದಿಟ್ಟು ಸಮನಾಗಿ ಬಿಡುವ ತೊಟ್ಟಿಯೇ ಕಂಡೆನ್ಸರು. ತೊಟ್ಟಿಯ ಬಾಯಲ್ಲಿ ಒಂದು ದೊಡ್ಡ ಟ್ರಾನ್ಸಿಸ್ಟರು ತೂಬಿನಂತೆ ನಿಂತು, ಕೆಳಗೆ ಸರಿಯಾಗಿ ೧೨ ವೋಲ್ಟು ಇರುವಷ್ಟೇ ಹರಿಯಗೊಡುತ್ತದೆ. ಎಷ್ಟು ಹರಿಯಬೇಕೆಂಬುದಕ್ಕೆ ಝೀನರ್ ಎಂಬ ಚಿಕ್ಕ ಡಯೋಡು ಅಳತೆಗೋಲು. ತೊಟ್ಟಿಯಲ್ಲಿ ನೀರು ತೂಬಿಗಿಂತ ಎತ್ತರದಲ್ಲಿರುವ ತನಕ ಎಲ್ಲವೂ ಕ್ಷೇಮ. ೧೨ ವೋಲ್ಟು ಕೊಡಬೇಕಾದರೆ ಮೇಲೆ ಕಡಿಮೆಯೆಂದರೂ ೧೪ ಇರಬೇಕಂತೆ.

ನಾವು ಎಡಗೈಯನ್ನು ಹಿಂದೆ ಕಟ್ಟಿ ಅಳೆದೆವು. ೧೨ ವೋಲ್ಟು ಇರಬೇಕಾದಲ್ಲಿ ಮೀಟರು ೧೨.೦ ತೋರಿಸಿತು. ಋಣದ ೧೨ ಇರಬೇಕಾದಲ್ಲಿಯೂ ಹಾಗೆಯೇ. ನಾವು ಜಯಶಾಲಿಗಳಂತೆ ಶಿಷ್ಯನ ಮುಖವನ್ನು ನೋಡಿದೆವು: ಹೊಟ್ಟೆ ನೆಟ್ಟಗಿದೆ, ದೋಷವು ನಾವು ಹೇಳಿದಲ್ಲಿಯೇ!

"ಈಗ ಮೀಟರನ್ನು ಏಸಿಗೆ ತಿರುಗಿಸಿ ಅದೇ ಜಾಗದಲ್ಲಿ ಹಿಡಿಯಿರಿ," ಎಂದನು.

ಹಿಡಿದೆವು. ಅರ್ಧ ವೋಲ್ಟಿಗೆ ಹತ್ತಿರ ತೋರಿಸಿತು. ಶುದ್ಧವಾದ ಪೂರೈಕೆಯಲ್ಲಿ ಅಲ್ಲಿ ಕೆಲವು ಮಿಲಿವೋಲ್ಟುಗಳ ಹೊರತು ಏನೂ ಇರಕೂಡದು. ಮೀಟರು ಮೊದಲು ತೋರಿಸಿದ ೧೨.೦ ಸರಾಸರಿಯ ಲೆಕ್ಕ. ಕೊಪ್ಪರಿಗೆಯ ಬೆಲ್ಲದ ಪಾಯಸದಲ್ಲಿ ಒಂದು ಸೌಟು ಸಪ್ಪೆ, ಒಂದು ಸೌಟು ಅತಿಸಿಹಿ ಇದ್ದರೂ ಸರಾಸರಿ ಸರಿಯಾಗಿಯೇ ಇರುವುದಲ್ಲವೆ? ತರ್ಕಶಾಸ್ತ್ರದಲ್ಲಿ ಹೇತುವಿನಂತೆ ಕಂಡು ಹೇತುವಲ್ಲದ್ದಕ್ಕೆ ಹೇತ್ವಾಭಾಸವೆಂದು ಹೆಸರು. ಅದನ್ನು ಎಷ್ಟೋ ಮಕ್ಕಳಿಗೆ ಪಾಠ ಹೇಳಿದ್ದೆವು. ನಮ್ಮ ಕೈಯಲ್ಲಿಯೇ ಅದನ್ನು ಹಿಡಿದುಕೊಂಡದ್ದು ಅಂದೇ ಮೊದಲು.

ಇಲ್ಲಿ ಒಂದು ತಮಾಷೆಯನ್ನು ಹೇಳಬೇಕು. ಪೂರೈಕೆಯ ಇಂತಹ ಅಲೆಯನ್ನು ನೋಡುವುದಕ್ಕೆ ಸರಿಯಾದ ಸಾಧನವೆಂದರೆ ಆಸಿಲೋಸ್ಕೋಪು. ಮುಂಡಾಜೆಯಲ್ಲಿ ನಮಗೆ ಸಿಗುವ ಒಂದೇ ಆಸಿಲೋಸ್ಕೋಪು ರೋಗಿಯಾಗಿ ಮುಂದೆ ಮಲಗಿತ್ತು. ಆದರೆ ಶಿಷ್ಯನು ರೋಗಿಯಿಂದಲೇ ನಾಡಿಯನ್ನು ಹೇಳಿಸಿದನು. ಪರದೆಯ ಅಡ್ಡಕ್ಕೆ ಒಂದು ಮನೆಗೆ ೫ ಮಿಲಿಸೆಕೆಂಡು ಆಗುವಂತೆ ಗುಂಡಿಯನ್ನು ತಿರುಗಿಸಿದಾಗ ಒಂದು ಅಲೆಯು ಎರಡು ಮನೆಗಳನ್ನು ತುಂಬಿತು. ಎಂದರೆ ೧೦ ಮಿಲಿಸೆಕೆಂಡು, ಸೆಕೆಂಡಿಗೆ ೧೦೦. ಓಟವನ್ನು ಮನೆಯ ವಿದ್ಯುತ್ತಿಗೆ ಹೊಂದಿಸುವ ಗುಂಡಿಯನ್ನು ಒತ್ತಿದೊಡನೆ ಅಲೆಯು ಅಲುಗದೆ ನಿಂತಿತು. ಹಾಗಾದರೆ ಅದು ಮನೆಯ ವಿದ್ಯುತ್ತಿನ ಸಂತಾನವೆಂಬುದು ನಿಶ್ಚಯ. ಡಯೋಡುಗಳಲ್ಲಿ ಒಂದು ಸತ್ತಿದ್ದರೆ ಅಲೆಯು ಸೆಕೆಂಡಿಗೆ ೫೦ ಆಗುತ್ತಿತ್ತು. ೧೦೦ ಇರುವುದರಿಂದ ನಾಲ್ಕೂ ದುಡಿಯುತ್ತಿವೆ. ಒಂದು ತಿರುಪನ್ನೂ ಬಿಚ್ಚದೆ, ಒಂದು ತಂತಿಯನ್ನೂ ಕತ್ತರಿಸದೆ ಅರ್ಧ ಆರೋಪಿಗಳು ಬಿಡುಗಡೆ ಹೊಂದಿದರು.

ಋಣದ ೧೨ ವೋಲ್ಟಿನಲ್ಲಿಯೂ ಅಷ್ಟೇ ಅಲೆಯಿತ್ತು. ಅಲ್ಲಿಯೂ ದೋಷವಿದೆಯೆಂದು ನಾವು ಬರೆದುಕೊಳ್ಳುತ್ತಿರುವಾಗ ಶಿಷ್ಯನು ನಕ್ಷೆಯ ಮೇಲೆ ನಡುಗುವ ಬೆರಳಿಟ್ಟನು. ಋಣದ ೧೨ಕ್ಕೆ ಸ್ವಂತದ ಅಳತೆಗೋಲಿಲ್ಲ. ಅದು ಧನದ ೧೨ನ್ನು ನೋಡಿ ತನ್ನನ್ನು ತಿದ್ದಿಕೊಳ್ಳುತ್ತದೆ.

"ತಮ್ಮನಿಗೆ ರೋಗ ಇಲ್ಲ ಮಾಷ್ಟ್ರೇ. ಅಣ್ಣ ಕೆಮ್ಮುತ್ತಾನೆ ಅಂತ ಇವನೂ ಕೆಮ್ಮುತ್ತಾನೆ."

ಹಳೆಯ ಒಳ್ಳೆಯ ಯಂತ್ರಗಳಲ್ಲಿ ಇದೇ ಪದ್ಧತಿಯಂತೆ. ಅಮೆರಿಕದ ಟೆಕ್ಟ್ರಾನಿಕ್ಸ್ ಕಂಪೆನಿಯ ೫೦೦ನೆಯ ಶ್ರೇಣಿಯ ವಾಲ್ವುಗಳ ಆಸಿಲೋಸ್ಕೋಪುಗಳಲ್ಲಿ ಋಣದ ೧೫೦ ವೋಲ್ಟು ಮೂಲ, ಉಳಿದವೆಲ್ಲ ಅದಕ್ಕೆ ಅಧೀನ; ಅವರದೇ ಟ್ರಾನ್ಸಿಸ್ಟರುಗಳ ೪೬೫ ಎಂಬುದರಲ್ಲಿ ೫೫ ವೋಲ್ಟು ಮೂಲ. ಮೂಲವನ್ನು ಸರಿಪಡಿಸದೆ ಉಳಿದವುಗಳನ್ನು ಮುಟ್ಟುವವನು ಮೂರ್ಖನು. ಇದನ್ನು ಕೇಳಿ ನಮಗೆ ಆದ ಸಂತೋಷವು ಶಿಷ್ಯನಿಗೆ ಅರ್ಥವಾಗಲಿಲ್ಲ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಅಧಿಕಾರಸೂತ್ರಗಳೆಂದು ಕೆಲವು ಉಂಟು. ಮೂರನೆಯ ಅಧ್ಯಾಯದ ಮೊದಲಲ್ಲಿಟ್ಟ ಒಂದು ಸೂತ್ರವು ಐದನೆಯ ಅಧ್ಯಾಯದ ಕೊನೆಯವರೆಗೆ ಆಳುತ್ತದೆ. ಅದನ್ನು ಮರೆತು ನಡುವಿನ ಸೂತ್ರವೊಂದಕ್ಕೆ ಅರ್ಥ ಹೇಳಹೊರಟ ವಿದ್ಯಾರ್ಥಿಯ ಅವಸ್ಥೆಯೂ ಹೀಗೆಯೇ. ಶಿಷ್ಯನು ತಾಳ್ಮೆಯಿಂದ ಕೇಳಿ, "ಹೌದಾ," ಎಂದನು. ೧೯೯೧ರಲ್ಲಿಯೂ ನಮ್ಮ ತರಗತಿಯಲ್ಲಿ ಅವನು ಹೀಗೆಯೇ "ಹೌದಾ" ಎನ್ನುತ್ತಿದ್ದನು.

ಮುಂದಿನ ಪರೀಕ್ಷೆಗಳು ಬೇಗ ಮುಗಿದವು. ಅಳತೆಗೋಲಾದ ಝೀನರು ಸ್ಥಿರವಾಗಿ ನಿಂತಿತ್ತು, ಅದರಲ್ಲಿ ಅಲೆಯಿಲ್ಲ. ತೂಬಿನ ಟ್ರಾನ್ಸಿಸ್ಟರು ೨ಎನ್ ೩೦೫೫ ಎಂಬ ಪ್ರಸಿದ್ಧ ಜಾತಿಯದು, ೧೯೬೦ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿ ಲೋಕವನ್ನೆಲ್ಲ ತುಂಬಿದ್ದು. ಎರಡು ಕಿವಿಗಳುಳ್ಳ ಉಕ್ಕಿನ ಟೋಪಿಯಂತಿರುವ ಅದರ ಮೈಯೇ ಒಂದು ತುದಿ. ತೊಟ್ಟಿಯಿಂದ ಬರುವ ವೋಲ್ಟು ಆ ಟೋಪಿಯ ಮೇಲೆಯೇ ಸಿಗುತ್ತದೆ. ನಮ್ಮದರ ಟೋಪಿಯಲ್ಲಿ ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸಿನ ಮುದ್ರೆಯಿತ್ತು. ೧೯೫೪ರಲ್ಲಿ ಜಾಲಹಳ್ಳಿಯಲ್ಲಿ ಆರಂಭವಾದ ಆ ಕಾರ್ಖಾನೆಯ ಟ್ರಾನ್ಸಿಸ್ಟರುಗಳು ಒಂದು ಕಾಲಕ್ಕೆ ನಮ್ಮ ದೇಶದ ರೇಡಿಯೋಗಳನ್ನೆಲ್ಲ ನುಡಿಸಿದವೆಂದು ಶಿಷ್ಯನು ಅಭಿಮಾನದಿಂದ ಹೇಳಿ, ಒಂದು ನಿಮಿಷ ಕೆಲಸವನ್ನು ಮರೆತನು. ಟೋಪಿಯ ಮೇಲೆ ಕಡ್ಡಿಯನ್ನಿಟ್ಟೆವು. ನಕ್ಷೆಯಲ್ಲಿ ೧೮ ವೋಲ್ಟು ಎಂದಿತ್ತು. ಮೀಟರು ೧೫ ಎಂದಿತು. ಏಸಿಗೆ ತಿರುಗಿಸಿದರೆ ಎರಡು ವೋಲ್ಟನ್ನೂ ಮೀರಿತು. ಅರ್ಧ ವೋಲ್ಟಿನ ಆಸುಪಾಸಿನಲ್ಲಿರಬೇಕಾಗಿದ್ದುದು.

ಶಿಷ್ಯನು ಹಿಂದಕ್ಕೆ ಒರಗಿ, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, "ಕಂಡೆನ್ಸರ್ ಒಣಗಿದೆ ಮಾಷ್ಟ್ರೇ," ಎಂದನು.

ಈಗ ಮುಳ್ಳಿನ ವೃತ್ತಾಂತ. ೧೯೯೧ರಲ್ಲಿ ನಾವು ೨೬ ವರ್ಷದ ತರುಣ ಪಂಡಿತರು. ನಮ್ಮ ವಿದ್ಯೆಯಲ್ಲಿಯೂ ನಮ್ಮ ಶಿಸ್ತಿನಲ್ಲಿಯೂ ನಮಗೆ ಸಂದೇಹವೇ ಇರಲಿಲ್ಲ. ನಾವಿದ್ದ ಶಾಲೆಯ ವಾರ್ಷಿಕೋತ್ಸವದ ದಿನ ಶಾಲೆಯ ಮೈಕುಸೆಟ್ಟು "ಭೋಂ" ಎಂದು ಮೊರೆಯಲು ತೊಡಗಿತು. ಅಧ್ಯಕ್ಷರ ಮಾತು ಒಂದೂ ಕೇಳಿಸಲಿಲ್ಲ. ವಿಚಾರಿಸಿದಾಗ, ಹಿಂದಿನ ಸಂಜೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗನು ಅದರ ಹಿಂಬದಿಯ ಮುಚ್ಚಳವನ್ನು ತೆಗೆದು ಇಣುಕುತ್ತಿದ್ದನೆಂದು ತಿಳಿಯಿತು. ಕರೆದು ಕೇಳಿದೆವು. ಹುಡುಗನು ಅಳಲಿಲ್ಲ, ಕ್ಷಮೆಯನ್ನು ಬೇಡಲಿಲ್ಲ. "ನಾನು ಏನೂ ಮಾಡಲಿಲ್ಲ ಸರ್. ನಿನ್ನೆಯೂ ಕೂಗುತ್ತಿತ್ತು. ಕಂಡೆನ್ಸರ್ ಒಣಗಿದೆ," ಎಂದನು. ಸುತ್ತಲೂ ಮೊಹರಾದ ತಗಡಿನ ಡಬ್ಬವು ಒಣಗುವುದೆಂದರೇನು? ಅದೇನು ಅಂಗಳದಲ್ಲಿ ಹರಡಿದ ಅಡಿಕೆಯೇ? ನಾವು ಎಲ್ಲರೆದುರಿಗೆ ಹಾಗೆಯೇ ಕೇಳಿದೆವು; ಎಲ್ಲರೂ ನಕ್ಕರು. ಆ ರಾತ್ರಿ ಶಾಲೆಯ ಮಕ್ಕಳ ಯಕ್ಷಗಾನದಲ್ಲಿ ಅವನಿಗೆ ಅಭಿಮನ್ಯುವಿನ ವೇಷವಿತ್ತು. ಮುಖಕ್ಕೆ ಬಣ್ಣವನ್ನೂ ಹಚ್ಚಿಯಾಗಿತ್ತು. ಅದನ್ನು ತೊಳೆಯಿಸಿ, ವೇಷವನ್ನು ಬೇರೊಬ್ಬನಿಗೆ ಕೊಡಿಸಿದೆವು. ಅವನ ತಾಯಿಯು ಚಾರ್ಮಾಡಿಯ ಕಡೆಯಿಂದ ನಡೆದುಕೊಂಡು ಬಂದು ಹೆಂಗಸರ ಸಾಲಿನಲ್ಲಿ ಕುಳಿತಿದ್ದಳೆಂಬುದು ನಮಗೆ ಮರುದಿನ ತಿಳಿಯಿತು.

ಆ ಮೇಲೆ ಆ ಮೈಕುಸೆಟ್ಟನ್ನು ಯಾರು ರಿಪೇರಿ ಮಾಡಿದರು, ಏನು ದೋಷವಿತ್ತು ಎಂದು ನಾವು ವಿಚಾರಿಸಲೇ ಇಲ್ಲ. ಅಪರಾಧಿ ಸಿಕ್ಕಿದ್ದನಷ್ಟೆ.

ಕಂಡೆನ್ಸರು ಒಣಗುವುದೆಂದರೇನೆಂಬುದನ್ನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದ ಬಳಿಕ, ನಮ್ಮ ಮನೆಯ ಜಗಲಿಯಲ್ಲಿ, ಆ ಹುಡುಗನಿಂದಲೇ ಕಲಿತೆವು. ಆ ಡಬ್ಬದೊಳಗೆ ಅಲ್ಯುಮಿನಿಯಮ್ಮಿನ ತೆಳ್ಳನೆಯ ಹಾಳೆಗಳೆರಡು ಸುರುಳಿ ಸುತ್ತಿರುತ್ತವೆ. ಒಂದರ ಮೈಮೇಲೆ ಆಕ್ಸೈಡಿನ ಅತಿ ತೆಳುವಾದ ಪೊರೆಯಿದೆ. ವಿದ್ಯುತ್ತನ್ನು ತಡೆದು ಹಿಡಿಯುವುದು ಆ ಪೊರೆಯೇ. ಎರಡು ಹಾಳೆಗಳ ನಡುವೆ ಒಂದು ದ್ರವದಲ್ಲಿ ನೆನೆದ ಕಾಗದವಿರುತ್ತದೆ. ಪೊರೆಯ ಅಂಗುಲ ಅಂಗುಲಕ್ಕೂ ತಗಲುವುದು ಆ ದ್ರವ. ಅದಿಲ್ಲದಿದ್ದರೆ ಹಾಳೆಯ ಬಹುಭಾಗವು ನಿಷ್ಪ್ರಯೋಜಕ. ಡಬ್ಬದ ಬಾಯಿಗೆ ರಬ್ಬರಿನ ಬಿರಡೆ. ವರ್ಷಾನುವರ್ಷ ಯಂತ್ರದ ಶಾಖಕ್ಕೆ ದ್ರವವು ಆ ಬಿರಡೆಯ ಮೂಲಕ ಕಣಕಣವಾಗಿ ಆರಿಹೋಗುತ್ತದೆ. ಶಾಖವು ೧೦ ಡಿಗ್ರಿ ಕಡಿಮೆಯಾದರೆ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆಂದು ಈ ವೃತ್ತಿಯವರ ಲೆಕ್ಕ. ನಮ್ಮ ಡಬ್ಬದ ಮೇಲೆ ೪೭೦೦ ಮೈಕ್ರೋಫ್ಯಾರಡು ಎಂದು ಬರೆದಿತ್ತು. ಒಳಗೆ ಸಾವಿರದಷ್ಟೂ ಉಳಿದಿರಲಿಕ್ಕಿಲ್ಲವೆಂದು ಶಿಷ್ಯನು ಲೆಕ್ಕ ಹಾಕಿದನು. ತೊಟ್ಟಿ ಹೊರಗಿನಿಂದ ಅಷ್ಟೇ ದೊಡ್ಡದು, ಒಳಗೆ ಹೂಳು ತುಂಬಿದೆ. ಏತದ ಎರಡು ಎತ್ತುಗಳ ನಡುವೆ ನೀರು ತೂಬಿಗಿಂತ ಕೆಳಗೆ ಇಳಿದುಬಿಡುತ್ತದೆ. ಆ ಕ್ಷಣ ತೂಬು ಏನು ಮಾಡೀತು? ಅದುವೇ ಪರದೆಯ ಮೇಲಿನ ಅಲೆ. ಧ್ವನಿವರ್ಧಕದಲ್ಲಾದರೆ ಅದುವೇ "ಭೋಂ".

ಒಬ್ಬ ಹುಡುಗನು ಒಂದು ಸಂಜೆ ಇಣುಕಿ ನೋಡಿದ್ದರಿಂದ ಇದು ಆಗುವಂಥಾದ್ದಲ್ಲ.

ಆದರೆ ಶಿಷ್ಯನಿಗೆ ಈ ಅನುಮಾನವೂ ಸಾಲದು. "ಒಣಗಿದೆ ಅಂತ ಹೇಳಿದೆ. ಹೌದೋ ಅಲ್ಲವೋ ನೋಡಬೇಕಲ್ಲ," ಎಂದನು. ವಿದ್ಯುತ್ತನ್ನು ತೆಗೆದು, ಕಂಡೆನ್ಸರಿನಲ್ಲಿ ಉಳಿದದ್ದನ್ನು ಸಾವಿರ ಓಮಿನ ರೆಸಿಸ್ಟರಿನ ಮೂಲಕ ಅರ್ಧ ನಿಮಿಷ ಇಳಿಯಗೊಟ್ಟು, ಮೀಟರಿನಿಂದ ಸೊನ್ನೆಯಾದುದನ್ನು ನೋಡಿಕೊಂಡೆವು. ಕೆಲವರು ತಿರುಪುಳಿಯಿಂದ ಎರಡು ತುದಿಗಳನ್ನೂ ಒಮ್ಮೆಲೇ ಕೂಡಿಸಿ ಕಿಡಿ ಹಾರಿಸುವರಂತೆ. ಅದು ಪೌರುಷ ಮಾತ್ರ, ಕೆಲಸವಲ್ಲ. ಬಳಿಕ ಅವನು ಅಂಗಡಿಯಿಂದ ತಂದಿದ್ದ ಒಳ್ಳೆಯ ಕಂಡೆನ್ಸರೊಂದನ್ನು ಹಳೆಯದರ ಬಗಲಿಗೆ ಧನಕ್ಕೆ ಧನ, ಋಣಕ್ಕೆ 
ಋಣವಾಗಿ ತಾತ್ಕಾಲಿಕವಾಗಿ ಕಚ್ಚಿಸಿದೆವು. ತಿರುಗುಮುರುಗಾದರೆ ಅದು ಪಟಾಕಿಯಂತೆ ಸಿಡಿಯುತ್ತದೆಂದು ಮೂರು ಸಲ ಎಚ್ಚರಿಸಿದನು. ನಾವು ನಾಲ್ಕು ಸಲ ನೋಡಿದೆವು. ಗುಂಡಿಯನ್ನು ಒತ್ತಿದೆವು.

ಗೆರೆಯು ನೆಟ್ಟಗೆ ನಿಂತಿತು. ಕಚ್ಚಿಸಿದ್ದನ್ನು ತೆಗೆದರೆ ಅಲೆ, ಹಾಕಿದರೆ ಗೆರೆ. ಅನ್ವಯವೂ ವ್ಯತಿರೇಕವೂ ಎರಡೂ ಕಣ್ಣಮುಂದೆ.

ಆದರೆ ಹೊಸದೊಂದು ವಿಚಿತ್ರವು ಕಂಡಿತು. ೧೨.೦ ಇದ್ದಲ್ಲಿ ಮೀಟರು ಈಗ ೧೨.೫ ತೋರಿಸಿತು. ರೋಗ ವಾಸಿಯಾದ ಮೇಲೆ ಅಳತೆ ತಪ್ಪಬಹುದೆ? ನಾವು ಏನೇನೋ ಊಹಿಸಿದೆವು. ಶಿಷ್ಯನು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಲಕ್ಕೆ ಇದ್ದ ಚಿಕ್ಕ ತಿರುಪೊಂದನ್ನು ತೋರಿಸಿದನು. ಅದು ವೋಲ್ಟನ್ನು ಹೊಂದಿಸುವ ಪ್ರಿಸೆಟ್ಟು.

"ಅದು ನಾನೇ ತಿರುಗಿಸಿದ್ದು ಮಾಷ್ಟ್ರೇ. ಬೀಳುವುದಕ್ಕೆ ಮೊದಲು. ವೋಲ್ಟು ಕಡಿಮೆ ತೋರಿಸಿತು, ಪುರುಸೊತ್ತು ಇರಲಿಲ್ಲ, ತಿರುಪು ತಿರುಗಿಸಿ ಹನ್ನೆರಡು ಮಾಡಿ ಬಿಟ್ಟೆ. ಕಂಡೆನ್ಸರ್ ನೋಡಲಿಲ್ಲ. ತಪ್ಪು ನನ್ನದೇ."

ಸರಾಸರಿಯು ಸರಿಯಾಗಿ ಕಂಡು ನಮ್ಮನ್ನು ಮೋಸಗೊಳಿಸಿದ್ದರ ಕಾರಣ ಇದು. ಅವನು ಅದನ್ನು, ಕೊಡೆಯನ್ನು ಬಸ್ಸಿನಲ್ಲಿ ಮರೆತೆನೆಂದು ಹೇಳುವವನಂತೆ, ಅಷ್ಟು ಹಗುರವಾಗಿ ಹೇಳಿದನು. ಹೊರಗೆ ಮಳೆ ಹಿಡಿದುಕೊಂಡಿತ್ತು. ಮನೆಯಾಕೆಯು ಚಹವನ್ನೂ ಹಲಸಿನ ಹಪ್ಪಳವನ್ನೂ ಇಟ್ಟು ಹೋದಳು. ಮೂವತ್ತು ವರ್ಷಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತಿಗೆ ಇದಕ್ಕಿಂತ ಬೇರೆ ಮುಹೂರ್ತವು ಸಿಗಲಾರದೆಂದು ತೋರಿತು.

"ಆ ವರ್ಷದ ವಾರ್ಷಿಕೋತ್ಸವದ ಮೈಕುಸೆಟ್ಟು," ಎಂದೆವು. "ಅಂದು ನೀನು ಹೇಳಿದ್ದು ಸರಿಯಾಗಿತ್ತು. ನಾವು ಮಾಡಿದ್ದು ಅನ್ಯಾಯ. ವೇಷವನ್ನು ತೆಗೆಸಬಾರದಾಗಿತ್ತು."

ಅವನು ಹಪ್ಪಳವನ್ನು ಎಡಗೈಯಿಂದ ಮುರಿದನು. ಮರೆತಿರಲಿಲ್ಲವೆಂಬುದು ಮುಖದಲ್ಲಿ ಸ್ಪಷ್ಟವಾಗಿತ್ತು.

"ಅದರಲ್ಲಿ ಎರಡು ಕಂಡೆನ್ಸರ್ ಇತ್ತು ಮಾಷ್ಟ್ರೇ," ಎಂದನು ಕೊನೆಗೆ. "ಯಾವುದು ಒಣಗಿದ್ದು ಅಂತ ನನಗೂ ಗೊತ್ತಿರಲಿಲ್ಲ. ಬೆಳ್ತಂಗಡಿಯಲ್ಲಿ ಒಬ್ಬರ ಅಂಗಡಿಯಲ್ಲಿ ಆ ಮಾತು ಕೇಳಿದ್ದೆ, ಅದನ್ನೇ ಹೇಳಿದೆ. ಅಳೆಯಲಿಕ್ಕೆ ನನ್ನ ಹತ್ತಿರ ಮೀಟರ್ ಎಲ್ಲಿತ್ತು?" ಸ್ವಲ್ಪ ಹೊತ್ತಿನ ಮೇಲೆ, "ಅಮ್ಮನಿಗೆ ಬೇಸರ ಆಗಿತ್ತು," ಎಂದನು.

ಅವಳು ತೀರಿಕೊಂಡು ಹನ್ನೊಂದು ವರ್ಷವಾಯಿತು.

ಹೊಸ ಕಂಡೆನ್ಸರನ್ನು ಮಂಗಳೂರಿನಿಂದ ತರಿಸಿದೆವು; ಬೆಂಗಳೂರಿನ ಎಸ್.ಪಿ. ರಸ್ತೆಯವರೆಗೆ ಹೋಗಬೇಕಾಗಬಹುದೆಂಬ ಭಯವು ಸುಳ್ಳಾಯಿತು. ಮೈಕ್ರೋಫ್ಯಾರಡು ಹಳೆಯದರಷ್ಟೇ, ತಾಳುವ ವೋಲ್ಟು ಅದಕ್ಕಿಂತ ಕಡಿಮೆಯಾಗಕೂಡದು, ೧೦೫ ಡಿಗ್ರಿಯ ಶಾಖವನ್ನು ತಾಳುವ ಜಾತಿಯಾದರೆ ಉತ್ತಮ ಎಂಬಿಷ್ಟು ಚೀಟಿಯಲ್ಲಿ ಬರೆದು ಕಳುಹಿಸಿದ್ದೆವು. ಹಳೆಯದು ಕೈಹಿಡಿಯಷ್ಟು ದಪ್ಪ. ಹೊಸದು ಅದರ ಅರ್ಧವೂ ಇಲ್ಲ. ಕಾಲುಗಳು ಹಳೆಯ ರಂಧ್ರಕ್ಕೆ ಹೊಂದಲಿಲ್ಲ. ದಪ್ಪ ತಾಮ್ರದ ತಂತಿಯಿಂದ ಸೇರಿಸಿ ಬೆಸೆದೆವು. ಬೆಸುಗೆಯ ಕಬ್ಬಿಣವನ್ನು ಹಿಡಿದವರು ನಾವೇ. ಪ್ರಿಸೆಟ್ಟನ್ನು ಹಿಂದಕ್ಕೆ ತಿರುಗಿಸಿ ೧೨.೦ ಮಾಡಿದೆವು, ಏಸಿಯಲ್ಲಿ ಮೂರು ಮಿಲಿವೋಲ್ಟು. ಟೋಪಿಯ ಮೇಲೆ ೧೮. ನಾಲ್ಕು ಗಂಟೆ ಬಿಡದೆ ಓಡಿಸಿದರೂ ಗೆರೆ ಅಲುಗಲಿಲ್ಲ.

ಶನಿವಾರ ಹುಡುಗಿಯು ಹಾಸ್ಟೆಲಿನಿಂದ ನೇರವಾಗಿ ನಮ್ಮ ಮನೆಗೆ ಬಂದಳು. ಒದ್ದೆ ಕೊಡೆಯನ್ನು ಜಗಲಿಯ ಮೂಲೆಗಿಟ್ಟು, ಯಾರನ್ನೂ ಕೇಳದೆ ಯಂತ್ರದ ಮುಂದೆ ಕುಳಿತು, ಕಡ್ಡಿಯನ್ನು ಯಂತ್ರದ್ದೇ ಪರೀಕ್ಷಾಸಂಕೇತಕ್ಕೆ ತಗಲಿಸಿದಳು. ಪರದೆಯ ಮೇಲೆ ಕೋಟೆಯ ತೆನೆಗಳಂತೆ ಚೌಕವಾದ ಅಲೆಗಳು ಸಾಲಾಗಿ ನಿಂತವು. ಅವಳ ತಂದೆಯು ಅವನ್ನು ನೋಡಲಿಲ್ಲ. ಅವಳ ಮುಖವನ್ನು ನೋಡುತ್ತಿದ್ದನು. ಬಳಿಕ ಅವಳು ವಿದ್ಯುತ್ತನ್ನು ತೆಗೆದು, ಮೊಬೈಲಿನ ದೀಪವನ್ನು ಹಿಡಿದು ಒಳಗೆ ಇಣುಕಿದಳು.

"ಅಪ್ಪ, ಈ ಕಂಡೆನ್ಸರ್ ಬೆಸೆದದ್ದು ಯಾರು? ಈ ಬದಿಯದ್ದು ಹೊಳೆಯುವುದೇ ಇಲ್ಲ. ಮರಳು ಮರಳಾಗಿ ಉಂಟು. ಇದು ಹಿಡಿದುಕೊಂಡಿಲ್ಲ."

ಶಿಷ್ಯನು ತೋಟದ ಕಡೆಗೆ ನೋಡಿದನು. "ನಾವು," ಎಂದೆವು. ಹುಡುಗಿಯು ನಾಲಿಗೆ ಕಚ್ಚಿಕೊಂಡಳು. ದಪ್ಪ ತಂತಿಯು ಶಾಖವನ್ನು ಕುಡಿದುಬಿಡುತ್ತದೆ, ಕಬ್ಬಿಣವನ್ನು ಇನ್ನೂ ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕಾಗಿತ್ತು ಎಂದು ಅವಳು ಮೆಲ್ಲನೆ ಹೇಳಿದಳು. ನಾವು ಕನ್ನಡಕವನ್ನು ಒರೆಸಿಕೊಂಡು, ಕಬ್ಬಿಣವನ್ನು ಕಾಯಲಿಟ್ಟು, ದೀಪವನ್ನು ಸರಿಯಾಗಿ ಹಿಡಿಯಲು ಅವಳಿಗೆ ಹೇಳಿದೆವು.